ವಾಲುವ ಊರಿಗೆ ನಾಲ್ಕು ಟೈರು

ಮದುವೆಯಾಗಿ ಈ ಊರಿಗೆ ಬಂದ ಮೊದಲ ಬೆಳಿಗ್ಗೆ ನನ್ನ ಕಾರು ನಾನು ನಿಲ್ಲಿಸಿದ ಜಾಗದಲ್ಲಿ ಇರಲಿಲ್ಲ. ಬೀದಿಯ ಕೊನೆಯಲ್ಲಿ, ಹಿಟ್ಟಿನ ಗಿರಣಿಯ ಗೋಡೆಗೆ ಮೂತಿ ಒತ್ತಿಕೊಂಡು ನಿಂತಿತ್ತು. ನಾನು ಕೂಗಿಕೊಂಡು ಹೊರಗೆ ಓಡಿ ಬಂದಾಗ ಅತ್ತೆ ಚಂದ್ರವ್ವ ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದರು. ಬಾಯಿ ಮುಕ್ಕಳಿಸಿ ಉಗುಳಿ, ನೀರು ಹರಿದ ದಿಕ್ಕನ್ನು ನೋಡಿದರು.

"ಇವತ್ತ ಊರು ಮೂಡಣಕ್ಕ ವಾಲೇತಿ. ಗಾಲಿಗೆ ಕಲ್ಲು ಕೊಡಬೇಕಿತ್ತವಾ. ನಿಮ್ಮ ಊರಾಗ ಕಲ್ಲು ಕೊಡೂದಿಲ್ಲೇನು?"

"ನಮ್ಮೂರು ವಾಲಲ್ಲ ಅತ್ತೆ."

"ಹಂಗಂದ್ರ ಎಲ್ಲಾ ಕಡೆ ಒಂದೇ ಸಮ? ದಿನಾ?" ಅವರು ನನ್ನನ್ನು ನಿಜವಾದ ಮರುಕದಿಂದ ನೋಡಿದರು. "ಬ್ಯಾಸರ ಆಗಂಗಿಲ್ಲೇನು?"

ಇಲ್ಲಿ ಊರು ದಿನಕ್ಕೊಂದು ಕಡೆ ವಾಲುತ್ತದೆ. ಬೆಳಕು ಹರಿಯುವ ಮೊದಲೇ ವಾಲಿ, ಮರುದಿನದವರೆಗೆ ಹಾಗೆಯೇ ಇರುತ್ತದೆ. ಎದುರಾದವರು ಊಟದ ವಿಚಾರ ಕೇಳುವ ಮೊದಲು "ಯಾವ ಕಡೆ?" ಎಂದು ಕೇಳುತ್ತಾರೆ. ಹೋಟೆಲಿನಲ್ಲಿ ಚಹಾ ಅರ್ಧ ಲೋಟವೇ ಸಿಗುವುದು, ಕುಡಿದು ಮುಗಿಸಿದ ಮೇಲೆ ಇನ್ನರ್ಧ ತಂದು ಸುರಿಯುತ್ತಾರೆ. ಮಂಚಗಳಿಗೆ ನಾಲ್ಕೂ ಕಡೆ ಅಂಚುಕಟ್ಟು. ಶಾಲೆಯಲ್ಲಿ ಮಾಸ್ತರರು ಬೆಳಿಗ್ಗೆ ಬಂದು ಕರಿಹಲಗೆಯನ್ನು ಆ ದಿನದ ಏರಿನ ಗೋಡೆಗೆ ತೂಗುಹಾಕುತ್ತಾರೆ, ಮಕ್ಕಳ ಬೆನ್ನಿಗೆ ಆಸರೆ ಇರಲೆಂದು ಬೆಂಚುಗಳಿಗೆ ಹಲಗೆ ಬಡಿದಿರುತ್ತಾರೆ. ಏರು ಹತ್ತಿ ನೆಂಟರ ಮನೆಗೆ ಹೋಗುವವರು ಯಾರೂ ಇಲ್ಲ. ತಮ್ಮ ಮನೆಯಿಂದ ಅವರ ಮನೆಯ ಕಡೆಗೆ ಊರು ವಾಲಲಿ ಎಂದು ಕಾಯುತ್ತಾರೆ. ಹಾಗೆ ಇಳಿದು ಹೋದವರು ಸಾಮಾನ್ಯವಾಗಿ ರಾತ್ರಿ ಅಲ್ಲೇ ಉಳಿಯುವುದರಿಂದ ಈ ಊರಿನಲ್ಲಿ ಪ್ರತಿ ಮನೆಯಲ್ಲೂ ಇಬ್ಬರಿಗೆ ಹೆಚ್ಚಾಗಿ ಅಡುಗೆ ಮಾಡುವ ರೂಢಿ.

ನಾನು ಕಾರು ಓಡಿಸುವವಳು. ಬಾಡಿಗೆ ಕಾರಲ್ಲ, ಪಂದ್ಯದ ಕಾರು. ಘಟ್ಟದ ಓಟ ಎಂದು ಒಂದಿದೆ. ತಿರುವುಗಳ ದಾರಿಯಲ್ಲಿ ಒಬ್ಬೊಬ್ಬರೇ ಮೇಲೇರಬೇಕು, ಕಡಿಮೆ ಹೊತ್ತು ತೆಗೆದುಕೊಂಡವರು ಗೆದ್ದಂತೆ. ಅಂಥ ಒಂದು ಓಟದಲ್ಲಿ ಬಹುಮಾನ ಕೊಡುವ ಕಟ್ಟೆಯನ್ನು ಕಟ್ಟಲು ಬಂದ ಬಡಗಿಯೇ ನನ್ನ ಗಂಡ ಗುರುಪಾದ. ಕಟ್ಟೆ ಒಂದು ಕಡೆಗೆ ವಾಲಿತ್ತು. ಎಲ್ಲರೂ ನಕ್ಕಾಗ ಅವನು ಕೆಂಪಾಗಿ, "ಕಾಲು ಸಣ್ಣವು ಮಾಡ್ತೀನ್ರಿ, ನೆಲ ಸಮ ಐತಿ ಅನ್ನೂದು ಮರತಬಿಟ್ಟೆ" ಎಂದಿದ್ದ. ನೆಲ ಸಮ ಇದೆ ಎಂಬುದನ್ನು ಮರೆಯುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಾಲುಗಳನ್ನು ಏರಿಸಿ ಇಳಿಸಬಹುದಾದ ಮಂಚ ಮಾಡುವುದು ಊರಿನಲ್ಲಿ ಅವನ ಕಸುಬು.

ನನ್ನ ಜೊತೆಗೆ ಬಂದದ್ದು ನೀಲಿ ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿರುವ ಆ ಕಾರು. ಅತ್ತೆಗೆ ಅದು ಎಂದೂ ಹಿಡಿಸಲಿಲ್ಲ. "ಮನ್ಯಾಗ ಮೂರು ಮಂದಿ, ಗಾಡ್ಯಾಗ ಎರಡು ಕುರ್ಚಿ. ಇದನ್ನ ಮಾಡಿದಾಂವಗ ತಾಯಿ ಇರಲಿಲ್ಲೇನು?" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಾನು ಅದನ್ನು ಬೆಳಿಗ್ಗೆ ಒರೆಸುತ್ತಿದ್ದೆ, ಗಾಲಿಗೆ ಕಲ್ಲು ಕೊಡುತ್ತಿದ್ದೆ, ಸಂತೆಗೆ ಹೋಗಿಬರುತ್ತಿದ್ದೆ. ಓಟಕ್ಕೆ ಹೋಗುವ ಮಾತು ಮದುವೆಯಾದ ಮೇಲೆ ಹಾಗೇ ಹಿಂದೆ ಬಿದ್ದಿತು.

ಎರಡನೆಯ ಮಳೆಗಾಲಕ್ಕೆ ಅತ್ತೆಯ ಕಾಲು ಊದತೊಡಗಿತು. ಆಮೇಲೆ ಮುಖ. ಕಿಡ್ನಿ ಎರಡೂ ಕೆಲಸ ನಿಲ್ಲಿಸುತ್ತಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು ಎಂದರು ಡಾಕ್ಟರು. ಆಸ್ಪತ್ರೆ ಊರಿನ ಪಡುವಣ ತುದಿಯಲ್ಲಿದೆ, ನಮ್ಮ ಮನೆ ಮೂಡಣದಲ್ಲಿ. ಸಾಧಾರಣ ದಿನಗಳಲ್ಲಿ ಆಸ್ಪತ್ರೆಯ ವ್ಯಾನು ಬರುತ್ತಿತ್ತು. ಆದರೆ ಮಳೆಗಾಲದಲ್ಲಿ ಊರು ಕೆಲವು ದಿನ ಮೈಮೇಲೆ ಎಚ್ಚರ ಇಲ್ಲದಂತೆ ವಾಲಿಬಿಡುತ್ತದೆ. ಅಂಥ ದಿನ ಪುರಸಭೆಯ ಮೇಲೆ ಕೆಂಪು ಬಾವುಟ ಏರುತ್ತದೆ. ಬಾವುಟ ಇದ್ದಾಗ ಮನುಷ್ಯನ ಎದೆಗಿಂತ ಎತ್ತರದ ಯಾವ ವಾಹನವೂ ರಸ್ತೆಗೆ ಇಳಿಯಬಾರದೆಂಬುದು ಹಳೆಯ ಕಾನೂನು. ಹಿಂದೆ ಒಂದು ಬಸ್ಸು ಮಗುಚಿ ಉರುಳುತ್ತಾ ಹೋಗಿದ್ದನ್ನು ಕಂಡವರು ಮಾಡಿದ ಕಾನೂನು ಅದು, ಯಾರೂ ಅದನ್ನು ಮುರಿಯುವುದಿಲ್ಲ.

ಆ ವರ್ಷ ಒಮ್ಮೆ ಏರಿದ ಬಾವುಟ ಎಷ್ಟೋ ದಿನ ಇಳಿಯಲಿಲ್ಲ. ಅತ್ತೆಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕುಳಿತೇ ಇದ್ದರು, ತುಟಿ ನೀಲಿಯಾಗುತ್ತಿತ್ತು. ಕೊನೆಗೆ ಗುರುಪಾದ ಅವರನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟ. ಊರಿನ ಮನೆಗಳ ಗೋಡೆಗುಂಟ ಕಬ್ಬಿಣದ ಬಳೆಗಳಿಗೆ ಹಗ್ಗ ಪೋಣಿಸಿರುತ್ತಾರೆ, ಕೆಂಪು ಬಾವುಟದ ದಿನ ಜನ ಅದನ್ನು ಹಿಡಿದು ನಡೆಯುತ್ತಾರೆ. ಅವನು ಆ ಹಗ್ಗ ಹಿಡಿದು, ನಾನು ಅವನ ಸೊಂಟ ಹಿಡಿದು, ಮಳೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೋದೆವು. ಎರಡು ಸಲ ಅವನು ಮಂಡಿಯೂರಿ ಬಿದ್ದ. ಎರಡನೆಯ ಸಲ ಅತ್ತೆ ಅವನ ಕಿವಿಯ ಹತ್ತಿರ, "ನನ್ನ ಇಲ್ಲೇ ಯಾರರೆ ಕಟ್ಟಿ ಮ್ಯಾಲ ಕೂಡ್ಸು ತಮ್ಮಾ. ನೀವಿಬ್ಬರೂ ಮನಿಗೆ ಹೋಗ್ರಿ" ಎಂದರು. ಅವನು ಹಗ್ಗ ಹಿಡಿದು ಎದ್ದ. ಬೆಳಿಗ್ಗೆ ಹೊರಟವರು ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಮುಗಿದಿತ್ತು. ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವ ಸುಮಿತ್ರಾ ಸಿಸ್ಟರ್ ಊಟಕ್ಕೂ ಹೋಗದೆ ಬಾಗಿಲಲ್ಲೇ ನಿಂತಿದ್ದರು. ಬರುತ್ತೇವೆಂದು ನಾವು ಹೇಳಿಯೇ ಇರಲಿಲ್ಲ. ಆದರೂ ನಿಂತಿದ್ದರು. ಅದನ್ನು ನೆನೆದರೆ ಈಗಲೂ ಅವರ ಕಾಲಿಗೆ ನಮಸ್ಕಾರ ಮಾಡಬೇಕೆನಿಸುತ್ತದೆ.

ಅಂದು ಮನೆಗೆ ಬಂದವಳು ಕಾರಿನ ಪಕ್ಕದಲ್ಲಿ ನಿಂತು ನೋಡಿದೆ. ಅದರ ಚಾವಣಿ ನನ್ನ ಎದೆಗಿಂತ ಕೆಳಗಿತ್ತು. ಕಾನೂನು ಅದನ್ನು ತಡೆಯುವುದಿಲ್ಲ. ಅಷ್ಟು ತಗ್ಗಿನ, ಅಷ್ಟು ಅಗಲದ ಕಾರು ಮಗುಚುವುದೂ ಇಲ್ಲ. ಮುಂದಿನ ಕೆಂಪು ಬಾವುಟದ ದಿನ ಒಬ್ಬಳೇ ಓಡಿಸಿ ನೋಡಿದೆ. ಮಗುಚಲಿಲ್ಲ, ಜಾರಿತು. ಬಾವಿ ತಿರುವಿನಲ್ಲಿ ನಾನು ಬಲಕ್ಕೆ ತಿರುಗಿಸಿದರೆ ಕಾರು ಎಡಕ್ಕೆ ಹೋಯಿತು, ಸಾವಕಾಶವಾಗಿ, ಅಡ್ಡಡ್ಡವಾಗಿ. ತಿರುವುಗಳಲ್ಲಿ ಊರಿನವರು ಕಟ್ಟಿರುವ ತೆಂಗಿನ ನಾರಿನ ಬಲೆಗೆ ಬಿದ್ದು ನಿಂತೆ. ಅಕ್ಕಪಕ್ಕದ ಮನೆಯವರು ಬಂದು ಬಿಡಿಸಿದರು. ಯಾರೂ ಬೈಯಲಿಲ್ಲ. ಒಬ್ಬಾಕೆ ಒಳಗಿನಿಂದ ಅರ್ಧ ಲೋಟ ಚಹಾ ತಂದು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು ಇನ್ನರ್ಧ ಸುರಿದಳು.

ತಪ್ಪು ಟೈರುಗಳದ್ದು. ನಾನು ಓಟ ಬಿಟ್ಟ ಮೇಲೆ ಅವನ್ನು ಬದಲಿಸಿಯೇ ಇರಲಿಲ್ಲ. ಮೈಮೇಲಿನ ಗೀರುಗಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ರಬ್ಬರು ಮುದಿಯಾಗಿತ್ತು, ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿರಲಿಲ್ಲ. ಮೆತ್ತನೆಯ ರಬ್ಬರು ರಸ್ತೆಯ ಸಣ್ಣ ಸಣ್ಣ ತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಗಟ್ಟಿಯಾದದ್ದು ಮೇಲೆ ಮೇಲೆ ಹೋಗುತ್ತದೆ.

ಊರಿನಲ್ಲಿ ಟೈರಿನ ಅಂಗಡಿ ಒಂದೇ. ಜೈತುನಬಿಯದು. ಗುರುಪಾದನನ್ನು ಅಣ್ಣ ಎನ್ನುವುದರಿಂದ ಅವಳಿಗೆ ನಾನು ವೈನಿ, ಅಂದರೆ ಅತ್ತಿಗೆ. ನಾನು ಸಂಗತಿಯೆಲ್ಲ ಹೇಳಿದಾಗ ಅವಳು ಕೈಯಲ್ಲಿದ್ದ ಪಂಪನ್ನು ಕೆಳಗಿಟ್ಟು ನನ್ನನ್ನು ಒಳಗೆ ಕೂರಿಸಿದಳು.

"ವೈನಿ, ಖರೇ ಹೇಳ್ತೀನಿ. ನಾ ಬಸ್ಸಿಂದು ಸ್ಕೂಟರಿಂದು ಮಾರಾಕಿ. ಇಂಥಾ ಗಾಡಿ ಟೈರು ಕೈಲೆ ಮುಟ್ಟಿಲ್ಲ. ಟೈರಿನ ಬಗ್ಗೆ ನೀವು ಹೇಳ್ರಿ, ನಾ ಕೇಳ್ತೀನಿ. ಊರಿನ ವಾಲಿನ ಬಗ್ಗೆ ನಾ ಹೇಳ್ತೀನಿ, ನೀವು ಕೇಳ್ರಿ. ಇಬ್ಬರೂ ಕೂಡಿದ್ರ ಏನರೆ ಒಂದು ಆದೀತು."

ಹೀಗೆ ನಮ್ಮ ಮಧ್ಯಾಹ್ನಗಳು ಶುರುವಾದವು. ಅತ್ತೆ ಮಲಗಿದ ಮೇಲೆ ನಾನು ಹೋಗುತ್ತಿದ್ದೆ. ಜೈತುನ್ ಕಂಪನಿಯವರಿಂದ ತರಿಸಿದ ಚಿತ್ರಗಳನ್ನು ನೆಲದ ಮೇಲೆ ಹರಡಿ, ಜಾರಿ ಹೋಗದಂತೆ ನಟ್ಟು ಬೋಲ್ಟುಗಳನ್ನು ಹೇರಿಟ್ಟಿರುತ್ತಿದ್ದಳು.

ನನ್ನ ಮನಸ್ಸು ಮೊದಲು ಹೋದದ್ದು ಓಟದ ಟೈರಿಗೆ. ಅದರ ಮೈಮೇಲೆ ಗೀರುಗಳು ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚುಕಡಿಮೆ ಬೋಳು. ರಸ್ತೆಗೆ ತಾಗುವ ರಬ್ಬರು ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಕಾದ ಮೇಲೆ ಅಂಟಿನ ಹಾಗೆ ರಸ್ತೆ ಹಿಡಿಯುತ್ತದೆ. ಆ ಟೈರಿನಲ್ಲಿ ತಿರುವು ತೆಗೆದುಕೊಂಡವರಿಗೆ ಬೇರೆ ಟೈರು ರುಚಿಸುವುದಿಲ್ಲ.

"ಕಾದ ಮ್ಯಾಲ ಅಂದ್ರಲ್ಲ, ಕಾಯಾಕ ಎಷ್ಟು ದೂರ ಓಡಬೇಕು?" ಎಂದು ಜೈತುನ್ ಕೇಳಿದಳು.

ನಾನು ಯೋಚಿಸಿದೆ. ನಮ್ಮ ಮನೆಯಿಂದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅದು ಬೆಚ್ಚಗೂ ಆಗುವುದಿಲ್ಲ. ತಣ್ಣಗಿರುವಾಗ ಅದು ನನ್ನ ಹಳೆಯ ಟೈರಿಗಿಂತ ಕಡೆ. ಮೇಲಾಗಿ ನೀರು ಹೋಗಲು ದಾರಿ ಇಲ್ಲದ್ದರಿಂದ ಮಳೆಯಲ್ಲಿ ನೀರಿನ ಮೇಲೆ ತೇಲುತ್ತದೆ.

ಎರಡನೆಯದು ದೂರ ಪ್ರಯಾಣದ ಟೈರು. ಸವೆಯುವುದು ನಿಧಾನ, ಸದ್ದಿಲ್ಲ. ಆದರೆ ರಬ್ಬರು ಗಟ್ಟಿ, ಟೈರಿನ ಪಕ್ಕದ ಗೋಡೆ ಮೆತ್ತಗೆ. ಊರು ಒಂದು ಕಡೆ ವಾಲಿದಾಗ ಕಾರಿನ ಭಾರವೆಲ್ಲ ತಗ್ಗಿನ ಕಡೆಯ ಎರಡು ಗಾಲಿಗಳ ಮೇಲೆ ಬೀಳುತ್ತದೆ. ಪಕ್ಕದ ಗೋಡೆ ಮೆತ್ತಗಿದ್ದರೆ ಟೈರು ಮಡಚಿಕೊಳ್ಳುತ್ತದೆ. ಅದನ್ನು ಬಿಟ್ಟೆವು.

ಉಳಿದದ್ದು ರಸ್ತೆಯ ಮೇಲೆ ವೇಗವಾಗಿ ಓಡಲೆಂದು ಮಾಡಿದ, ಮೆತ್ತನೆಯ ರಬ್ಬರಿನ, ನಡುವೆ ಆಳವಾದ ಕಾಲುವೆಗಳಿರುವ ಬಗೆ. ಅದರಲ್ಲೂ ಎರಡು ಜಾತಿ. ಒಂದರ ಮೇಲೆ ಬಾಣದ ಗುರುತು ಇರುತ್ತದೆ, ಅದು ಒಂದೇ ದಿಕ್ಕಿಗೆ ಉರುಳಬೇಕು. ನೀರನ್ನು ಬಹಳ ಚೆನ್ನಾಗಿ ಸೀಳುತ್ತದೆ. ನಾನು ಅದನ್ನೇ ತೋರಿಸಿದೆ. ಜೈತುನ್ ತುಂಬ ಹೊತ್ತು ಆ ಚಿತ್ರ ನೋಡಿದಳು.

"ವೈನಿ, ಎಡಗಡೀದು ಬಲಗಡೆ ಹಾಕಾಕ ಬರೂದಿಲ್ಲಲಾ ಇದನ್ನ?"

"ಇಲ್ಲ. ಬಾಣ ಹಿಂದಕ್ಕೆ ತಿರುಗಿಬಿಡುತ್ತೆ."

"ಮಳಿಗಾಲದಾಗ ಊರು ಹೆಚ್ಚಾಗಿ ತೆಂಕಣಕ್ಕ ವಾಲ್ತದ. ನೀವು ಪಡುವಣಕ್ಕ ಜೋರು ಹೋಗೋ ಮುಂದ ಎಡಗಡಿ ಗಾಲಿ ಸವೀತಾವು. ಹೊಳ್ಳಿ ಬರೋ ಮುಂದ ಮೆಲ್ಲಕ ಬರ್ತೀರಿ, ಬಲಗಡೀವು ಅಷ್ಟು ಸವಿಯಂಗಿಲ್ಲ. ಹದಿನೈದು ದಿನಕ್ಕೊಮ್ಮೆ ನಾ ಎಡ ಬಲ ಬದ್ಲಿ ಮಾಡಿ ಕೊಟ್ರ ನಾಲ್ಕೂ ಕೂಡೇ ಸವದಾವು. ಬಾಣದ್ದು ತಂದ್ರ ಬದ್ಲಿ ಮಾಡಾಕ ಬರಂಗಿಲ್ಲ."

ನನಗೆ ಅದು ಹೊಳೆದೇ ಇರಲಿಲ್ಲ. ಸಮ ನೆಲದಲ್ಲಿ ಎರಡೂ ಕಡೆ ಒಂದೇ ತರಹ ಸವೆಯುತ್ತವೆ. ನಾನು ಇನ್ನೊಂದು ಜಾತಿಯದನ್ನು ತೋರಿಸಿದೆ. ಅದಕ್ಕೆ ಬಾಣವಿಲ್ಲ. ಒಳಮೈ, ಹೊರಮೈ ಎಂದು ಇರುತ್ತದೆ. ಒಳಗಿನ ಅರ್ಧದಲ್ಲಿ ನೀರಿನ ಕಾಲುವೆಗಳು, ಹೊರಗಿನ ಅರ್ಧದಲ್ಲಿ ಇಟ್ಟಿಗೆಯಂಥ ದಪ್ಪ ತುಂಡುಗಳು. ತಗ್ಗಿನ ಕಡೆಯ ಭಾರ ಬೀಳುವುದು ಆ ಹೊರ ಅಂಚಿನ ಮೇಲೆಯೇ. ಎಡ ಬಲ ಬದಲಿಸಲೂ ಬರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಜೈತುನ್ ಎದ್ದು ಹೋಗಿ ಸಕ್ಕರೆ ಡಬ್ಬಿ ತಂದು ನನ್ನ ಬಾಯಿಗೆ ಒಂದು ಚಿಟಿಕೆ ಹಾಕಿ, ತಾನೂ ಹಾಕಿಕೊಂಡಳು.

ಆದರೆ ಮನಸ್ಸಿನ ಒಂದು ಮೂಲೆ ಒಪ್ಪಿರಲಿಲ್ಲ. ಆ ವರ್ಷ ದೀಪಾವಳಿಯ ನಂತರದ ಘಟ್ಟದ ಓಟಕ್ಕೆ, ಅತ್ತೆಗೆ ಹುಷಾರು ತಪ್ಪುವ ಮೊದಲೇ, ಒಂದು ಸಲ ಮತ್ತೆ ಓಡಿಸೋಣವೆಂದು ನಾನು ಹೆಸರು ಕೊಟ್ಟಿದ್ದೆ. ದೊಡ್ಡ ಲಾರಿ ನಮ್ಮ ಊರಿಗೆ ಬರುವುದು ಊರು ಸುಮ್ಮನಿರುವ ಕೆಲವೇ ದಿನ. ಮಳೆಯ ನಡುವೆ ಅಂಥ ಒಂದು ಬಿಡುವು ಬರುವುದರಲ್ಲಿತ್ತು, ಆಮೇಲೆ ಬೇಸಿಗೆಯೇ ಗತಿ. ಊರಿಗೆಲ್ಲ ಬೇಕಾದ ಸಾಮಾನಿನ ನಡುವೆ ನನ್ನ ಕಾರಿಗೆ ನಾಲ್ಕು ಟೈರಿನ ಜಾಗ ಸಿಕ್ಕಿದ್ದೇ ದೊಡ್ಡದು. ಆ ನಾಲ್ಕು ಓಟದವಾಗಬಹುದು, ಇಲ್ಲವೇ ಆಸ್ಪತ್ರೆಯವಾಗಬಹುದು. ಈ ಟೈರು ಹಾಕಿಕೊಂಡು ಓಟಕ್ಕೆ ಹೋದರೆ ಗೆಲ್ಲುವ ಮಾತೇ ಇಲ್ಲ. ಇದನ್ನೆಲ್ಲ ಒಂದು ಸಂಜೆ ಅಡುಗೆಮನೆಯಲ್ಲಿ ಗುರುಪಾದನಿಗೆ ಹೇಳಿದೆ. ಅವನು, "ನೀ ಏನು ತರ್ಸಿದ್ರೂ ಸೈ. ಅವ್ವನ್ನ ಹೊರಾಕ ನನ್ನ ಬೆನ್ನು ಗಟ್ಟಿ ಐತಿ" ಎಂದ. ಅವನ ಮಂಡಿಯ ಗಾಯ ಇನ್ನೂ ಮಾಯ್ದಿರಲಿಲ್ಲ. ಮರುದಿನವೇ ಹೋಗಿ ಕಾಲುವೆಯ ಟೈರು ತರಿಸಲು ಹೇಳಿಬಂದೆ. ಹೇಳಿಬಂದವಳು ಕಾರಿನಲ್ಲಿ ಕುಳಿತು ಸ್ವಲ್ಪ ಕಣ್ಣೀರು ಹಾಕಿದೆ. ಅದೇನೂ ತ್ಯಾಗದ ಅಳುವಲ್ಲ, ಬಿಟ್ಟುಕೊಟ್ಟದ್ದಕ್ಕೆ ಆದ ಬೇಸರ, ಅಷ್ಟೆ.

ಲಾರಿಗೆ ಪಟ್ಟಿ ಹೋಗುವ ಮುಂಚಿನ ದಿನ ಜೈತುನ್ ಹೇಳಿಕಳಿಸಿದಳು. ಹೋದಾಗ ಅವಳ ಮುಖ ಒಂದು ಥರ ಇತ್ತು.

"ವೈನಿ, ನಿಮ್ಮ ಮನಿ ಮಂದಿ ಒಂದು ಮಾತು ಆಡ್ರಿ. ನೀವು ಒಂದು ಹೇಳ್ತೀರಿ, ಅತ್ತಿಯವರು ಬಂದು ಇನ್ನೊಂದು ಹೇಳ್ತಾರ. ನಾ ಯಾವುದು ತರಿಸ್ಲಿ?"

"ಅತ್ತೆ? ಇಲ್ಲಿಗೆ ಬಂದಿದ್ದರಾ?"

"ನಿನ್ನೆ ಬಂದಿದ್ರು. ಕೋಲು ಊರಿಕೊಂಡು. 'ನನ್ನ ಸೊಸಿಗೆ ಓಡೂ ಟೈರು ತರ್ಸು, ಬೋಳಂದು. ಆಕಿ ಬ್ಯಾಡ ಅಂದ್ರೂ ಕೇಳಬ್ಯಾಡ' ಅಂದ್ರು. ನೀರು ಕೊಟ್ರ ಕುಡೀಲಿಲ್ಲ. ಡಾಕ್ಟರ್ ಬ್ಯಾಡ ಅಂದಾರಂತ."

ಹಿಂದಿನ ದಿನ ಊರು ಮೂಡಣಕ್ಕೆ ವಾಲಿತ್ತು. ನಮ್ಮ ಮನೆಯಿಂದ ಜೈತುನಳ ಅಂಗಡಿಗೆ ಉದ್ದಕ್ಕೂ ಏರು. ನಾನು ಸಂತೆಗೆ ಹೋಗಿದ್ದಾಗ ಅವರು ಒಬ್ಬರೇ ಆ ಏರು ಹತ್ತಿದ್ದರು. ಊದಿದ ಕಾಲಿನಲ್ಲಿ.

ಮನೆಗೆ ಬಂದವಳೇ ಜಗಳ ತೆಗೆದೆ. "ಏರು ಹತ್ತಿ ಯಾಕೆ ಹೋದಿರಿ ಅತ್ತೆ? ಎಲ್ಲಾದರೂ ಬಿದ್ದಿದ್ದರೆ?"

ಅವರು ಕಡಲೆ ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ಅಡಗಿಮನ್ಯಾಗ ನೀವು ಮಾತಾಡೂದು ಕೇಳಿಸ್ತು. ನಾ ಎಷ್ಟು ದಿನ ಇರಾಕಿ ಅಂತ ನಿನ್ನ ಓಟ ಬಿಡ್ತಿ? ಬಂದಾಗಿಂದ ನೋಡ್ಲಿಕ್ಹತ್ತೀನಿ. ದಿನಾ ಆ ಗಾಡಿ ಒರಸ್ತಿ, ಒರಸಿ ನಿಂತು ನೋಡ್ತಿ. ಕಟ್ಟಿ ಹಾಕಿದ ಕುದುರಿ ನೋಡಿದಂಗ. ನನಗ ಸಂಕಟ ಆಗ್ತದ."

ಆ ಕಾರನ್ನು ಅವರು ಹಳಿಯುವುದನ್ನಷ್ಟೇ ನಾನು ಕೇಳಿದ್ದೆ. ಅದನ್ನು ನೋಡುವ ನನ್ನನ್ನು ಅವರು ನೋಡುತ್ತಿದ್ದಾರೆಂದು ಗೊತ್ತಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಎದುರು ಕುಳಿತೆ.

"ಅತ್ತೆ, ಓಟದಲ್ಲಿ ಒಂದು ದಿನ ಓಡಿಸ್ತೀನಿ. ಇಲ್ಲಿ ವಾರಕ್ಕೆ ಎರಡು ದಿನ. ಅಲ್ಲಿರೋ ಘಟ್ಟ ಯಾವತ್ತೂ ಒಂದೇ ಥರ. ನಿಮ್ಮೂರ ರಸ್ತೆ ದಿನಾ ಬೇರೆ. ಇಂಥ ರಸ್ತೆ ನನಗೆ ಇನ್ನೆಲ್ಲಿ ಸಿಗುತ್ತೆ?"

ಸಮಾಧಾನಕ್ಕೆಂದು ಹೇಳಿದ ಮಾತು ಅದು. ಹೇಳಿ ಮುಗಿಸುವಷ್ಟರಲ್ಲಿ ನಿಜವೆನ್ನಿಸಿತು.

ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. "ಹಂಗಾದ್ರ ಒಂದು ಮಾತು. ಮುದುಕಿ ಕುಂತಾಳ ಅಂತ ಮೆಲ್ಲಕ ಹೊಡಿಯಂಗಿಲ್ಲ. ಓಟದಾಗ ಹೆಂಗ ಹೊಡೀತಿ ಹಂಗ ಹೊಡೀಬೇಕು. ಆಣಿ ಮಾಡು."

ಆಣೆ ಮಾಡಿದೆ.

ಟೈರು ಬಂದವು. ಜೈತುನ್ ನಾಲ್ಕನ್ನೂ ತಾನೇ ಕೂರಿಸಿದಳು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ಜಾರು ಪದರ ಇರುತ್ತದೆ. ಅದು ಹೋಗುವವರೆಗೆ ಊರು ಸುಮ್ಮನಿದ್ದ ದಿನಗಳಲ್ಲಿ ಮೆಲ್ಲಗೆ ಸುತ್ತಾಡಿಸಿದೆ. ಮತ್ತೆ ಮಳೆ ಹಿಡಿಯಿತು. ಒಂದು ಗುರುವಾರ ಎದ್ದಾಗ ಪಾತ್ರೆಗಳೆಲ್ಲ ತೆಂಕಣದ ಗೋಡೆಗೆ ಸೇರಿಕೊಂಡಿದ್ದವು, ಪುರಸಭೆಯ ಮೇಲೆ ಬಾವುಟ ಕೆಂಪಗೆ ತೊಯ್ದು ಜೋತುಬಿದ್ದಿತ್ತು. ಅಂದು ಅತ್ತೆಯ ಡಯಾಲಿಸಿಸ್ ದಿನ. ಜೈತುನ್ ಹಗ್ಗ ಹಿಡಿದು ನಡೆದು ಬಂದು, ತಗ್ಗಿನ ಕಡೆಯ ಎರಡು ಗಾಲಿಗಳಿಗೆ ಸ್ವಲ್ಪ ಹೆಚ್ಚು ಗಾಳಿ ತುಂಬಿದಳು. ಗುರುಪಾದ ಅವ್ವನನ್ನು ಎತ್ತಿ ಒಳಗೆ ಕೂರಿಸಿ, ಪಟ್ಟಿ ಬಿಗಿದು, ಬಾಗಿಲು ಹಾಕಿದ.

ಬೀದಿ ದಾಟಿ ದೊಡ್ಡ ರಸ್ತೆಗೆ ಬಂದಾಗ ಎಡಗಡೆ ಮನೆಗಳ ಮಾಡುಗಳು ಕಾಲ ಕೆಳಗೆ ಕಂಡವು, ಬಲಗಡೆಯ ಮನೆಗಳು ಮೇಲೆ ಬೀಳುವಂತೆ ನಿಂತಿದ್ದವು. ನೀರು ಬಲದಿಂದ ಎಡಕ್ಕೆ ರಸ್ತೆಗೆ ಅಡ್ಡ ಹರಿಯುತ್ತಿತ್ತು. ಸ್ಟೀರಿಂಗಿನ ಮೂಲಕ ಟೈರು ನನ್ನ ಅಂಗೈಗೆ ಎಲ್ಲವನ್ನೂ ಹೇಳುತ್ತಿತ್ತು. ಇಲ್ಲಿ ಕಚ್ಚಿದ್ದೇನೆ, ಇಲ್ಲಿ ಸ್ವಲ್ಪ ಸಡಿಲ, ಈಗ ಮತ್ತೆ ಕಚ್ಚಿದ್ದೇನೆ. ಎಷ್ಟೋ ಕಾಲದಿಂದ ಕೇಳದ ಮಾತು. ಬಾವಿ ತಿರುವು ಬಂತು. ಎರಡೂ ಬದಿಯ ಕಿಟಕಿಗಳಲ್ಲಿ ಜನ. ಯಾರೋ ರಸ್ತೆಗೆ ಬೂದಿ ಚೆಲ್ಲಿಟ್ಟಿದ್ದರು, ಮಳೆ ಅದನ್ನು ತೊಳೆದುಬಿಟ್ಟಿತ್ತು. ನಾನು ವೇಗ ಇಳಿಸಿದೆ.

"ಆಣಿ ಮಾಡಿದ್ದಿ," ಎಂದರು ಅತ್ತೆ, ನೇರ ಮುಂದೆ ನೋಡುತ್ತಾ.

ಗೇರು ಬದಲಿಸಿ ಒತ್ತಿದೆ. ಕಾರಿನ ಭಾರವೆಲ್ಲ ಎಡಕ್ಕೆ ಬಂದು ಕುಳಿತಿತು, ಹೊರ ಅಂಚಿನ ಆ ಇಟ್ಟಿಗೆಗಳ ಮೇಲೆ. ಒಂದು ಕ್ಷಣ ಹಿಂದಿನ ಗಾಲಿ ಅನುಮಾನಿಸಿತು. ಆಮೇಲೆ ಹಿಡಿಯಿತು. ನೀಲಿ ಮೂತಿ ತಿರುವನ್ನು ಅಳತೆಗೆ ಕತ್ತರಿಸಿದಂತೆ ದಾಟಿ ಆಚೆ ಬಂತು. ಪಕ್ಕದಿಂದ ಒಂದು ಸದ್ದು ಬಂದಾಗ ಅತ್ತೆಗೆ ಉಸಿರು ಕಟ್ಟಿತೆಂದು ಹೆದರಿ ತಿರುಗಿದೆ. ಅವರು ನಗುತ್ತಿದ್ದರು. ಎರಡೂ ಕೈಯಿಂದ ಸೀಟನ್ನು ಹಿಡಿದುಕೊಂಡು, ಸೆರಗು ಜಾರಿದ್ದೂ ಗೊತ್ತಿಲ್ಲದೆ, ಹುಡುಗಿಯ ಹಾಗೆ ನಗುತ್ತಿದ್ದರು.

ಆಸ್ಪತ್ರೆಯಲ್ಲಿ ಸುಮಿತ್ರಾ ಸಿಸ್ಟರ್ ಅತ್ತೆಗೆ ಯಂತ್ರ ಜೋಡಿಸಿದರು. ಉಳಿದ ಮಂಚಗಳು ಖಾಲಿ ಇದ್ದವು. ಅತ್ತೆ ಅವನ್ನು ನೋಡಿದರು.

"ಪೋಸ್ಟಿನ ರುದ್ರಗೌಡ್ರು ಬಂದಿಲ್ಲ. ಹೂವಿನ ಕಾಳವ್ವನೂ ಬಂದಿಲ್ಲ. ಹೆಂಗ ಬರಬೇಕು ಪಾಪ." ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ಕುರ್ಚಿ ಖಾಲಿ ಐತಲ್ಲ ನಿನ್ನ ಗಾಡ್ಯಾಗ? ನಾ ಇಲ್ಲಿ ಹೆಂಗೂ ನಾಲ್ಕು ತಾಸು ಬಿದ್ದಿರಾಕಿ. ಹೋಗಿ ಕರ್ಕೊಂಡ್ ಬಾ."

ಹೋದೆ. ನಿವೃತ್ತ ಪೋಸ್ಟ್‌ಮಾಸ್ಟರ್ ರುದ್ರಗೌಡರು ಕೊಡೆ ಮಡಚದೆಯೇ ಕಾರಿನೊಳಗೆ ಹತ್ತಲು ನೋಡಿದರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಮನೆದೇವರ ಹೆಸರು ಹೇಳಿದರು. ಇಳಿದ ಮೇಲೆ ತಲೆ ಸವರಿಕೊಂಡು, "ಮತ್ತ ಸೋಮವಾರ ಬರ್ತೀಯಲ್ಲವಾ?" ಎಂದರು. ಹೂ ಮಾರುವ ಕಾಳವ್ವ ತನ್ನ ಸೊಸೆ ಕಟ್ಟಿಕೊಟ್ಟ ಮಲ್ಲಿಗೆ ಮಾಲೆಯನ್ನು ತಂದು, ನನ್ನ ಮುಡಿಗೆ ಹಾಕುವಳೆಂದು ತಲೆ ಬಗ್ಗಿಸಿದರೆ, ಇಳಿದು ಹೋಗಿ ನಾಲ್ಕೂ ಟೈರಿಗೆ ಒಂದೊಂದು ತುಂಡು ಇಟ್ಟು ಕೈಮುಗಿದಳು.

ಆ ಮಳೆಗಾಲ ಕಳೆದದ್ದು ಹಾಗೆ. ಬಾವುಟ ಏರಿದ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ರಸ್ತೆಯಲ್ಲಿರುತ್ತಿದ್ದೆ. ನನ್ನ ಮನೆಯಲ್ಲಿ ಅಡುಗೆ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ, ದಾರಿಯ ಯಾವುದಾದರೊಂದು ಮನೆಯವರು ಕಾರು ನಿಲ್ಲಿಸಿ ರೊಟ್ಟಿ ಗಂಟು ಕಿಟಕಿಯಿಂದ ಒಳಗಿಡುತ್ತಿದ್ದರು. ಜೈತುನ್ ಹದಿನೈದು ದಿನಕ್ಕೊಮ್ಮೆ ಟೈರು ಎಡ ಬಲ ಮಾಡಿ, ಸವೆತವನ್ನು ಬೆರಳಿನಿಂದ ಮುಟ್ಟಿ ನೋಡಿ, "ನಾಲ್ಕೂ ಅಕ್ಕತಂಗೇರಂಗ ಅದಾವು" ಎನ್ನುತ್ತಿದ್ದಳು. ನನಗೆ ಬಂದ ಬಹುಮಾನದ ಕಪ್ಪುಗಳು ತವರಿನ ಕಪಾಟಿನಲ್ಲಿವೆ. ಅವು ಬಂದ ದಿನಗಳು ನೆನಪಿವೆ, ಖುಷಿಯ ದಿನಗಳೇ. ಆದರೆ ಬೇರೊಬ್ಬರು ನನ್ನ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕುಳಿತಿರುವಾಗ ತಿರುವನ್ನು ಸರಿಯಾಗಿ ದಾಟುವುದು ಎಂದರೇನೆಂದು ನನಗೆ ಕಲಿಸಿದ್ದು ಈ ಊರು. ಅದಕ್ಕೆ ನಾನು ಹೇಗೆ ಕೃತಜ್ಞತೆ ಹೇಳಲಿ? ಊರಿಗೆ ಕೈಮುಗಿಯಬೇಕೆಂದರೆ ಯಾವ ಕಡೆ ತಿರುಗಿ ಮುಗಿಯಬೇಕೆಂದೂ ಗೊತ್ತಾಗುವುದಿಲ್ಲ.

ದೀಪಾವಳಿ ಮುಗಿಯಿತು. ಓಟದ ಮಾತನ್ನು ನಾನು ಎತ್ತಲಿಲ್ಲ, ಅತ್ತೆಯೇ ಎತ್ತಿದರು. ಊರು ಸಾಧುವಾಗಿದೆ, ವ್ಯಾನು ಬರುತ್ತಿದೆ, ನೀನು ಹೋಗಿಬರಬೇಕು ಎಂದು ಹಟ ಹಿಡಿದರು. "ಈ ಟೈರಿನಲ್ಲಿ ಗೆಲ್ಲೋಕಾಗಲ್ಲ ಅತ್ತೆ" ಎಂದೆ. "ಗೆಲ್ಲು ಅಂತ ಯಾರಂದ್ರು? ಹೋಗು ಅಂದೆ" ಎಂದರು.

ಗುರುಪಾದ ನಾನು ಇಬ್ಬರೂ ಹೋದೆವು. ಸಮ ನೆಲದ ಮೇಲೆ ನನ್ನ ಕೈ ತಾನಾಗಿಯೇ ಒಂದಿಷ್ಟು ಬಲಕ್ಕೆ ಎಳೆಯುತ್ತಿತ್ತು, ಇಲ್ಲದ ವಾಲನ್ನು ಸರಿಪಡಿಸುವಂತೆ. ಎಲ್ಲರೂ ಬೋಳು ಟೈರಿನವರು. ನನ್ನ ಕಾಲುವೆಯ ಟೈರು ನೋಡಿ ಹಳೆಯ ಗೆಳೆಯರು, "ಸಂತೆಗೆ ಹೊರಟಿದ್ದೀಯಾ?" ಎಂದು ರೇಗಿಸಿದರು. ಬಿಸಿಲು ಚೆನ್ನಾಗಿತ್ತು. ನಾನು ಮನಸಾರೆ ಓಡಿಸಿದೆ. ಮೇಲೆ ತಲುಪಿ ಹೆಲ್ಮೆಟ್ ತೆಗೆದಾಗ ಗಾಳಿ ತಣ್ಣಗೆ ಬಡಿಯಿತು. ಒಂಬತ್ತು ಜನರಲ್ಲಿ ಏಳನೆಯವಳಾಗಿದ್ದೆ.

ಹಿಂದಿರುಗಿದ ದಿನ ಅತ್ತೆ ಆಸ್ಪತ್ರೆಯಲ್ಲಿದ್ದರು. ನೇರ ಅಲ್ಲಿಗೇ ಹೋದೆ. ಆಚೀಚೆಯ ಮಂಚಗಳಲ್ಲಿ ರುದ್ರಗೌಡರು, ಕಾಳವ್ವ. ಮೂವರ ತೋಳಿನಿಂದಲೂ ಕೊಳವೆಗಳು ಹೊರಟು ಯಂತ್ರ ಸೇರಿದ್ದವು. ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಎಷ್ಟನೇದ್ದು?" ಎಂದರು ಅತ್ತೆ.

"ಏಳನೇದು."

"ಒಟ್ಟ ಎಷ್ಟು ಮಂದಿ?"

"ಒಂಬತ್ತು."

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮುಖ ಅರಳಿತು. ಖಾಲಿ ಇದ್ದ ಕೈಯಿಂದ ಸುಮಿತ್ರಾ ಸಿಸ್ಟರನ್ನು ಕರೆದು, ಇಡೀ ವಾರ್ಡಿಗೆ ಕೇಳುವಂತೆ, "ಕೇಳಿದ್ರೇನು ಸಿಸ್ಟರ್? ನನ್ನ ಸೊಸಿ ಇಬ್ಬರನ್ನ ಹಿಂದ ಹಾಕ್ಯಾಳ!" ಎಂದರು.

"ಭೇಷ್!" ಎಂದರು ರುದ್ರಗೌಡರು. ಕಾಳವ್ವ ದೃಷ್ಟಿ ತೆಗೆಯುವಂತೆ ನೆಟಿಕೆ ಮುರಿದಳು.

ಅತ್ತೆ ಸೆರಗು ಸರಿಮಾಡಿಕೊಂಡು ದಿಂಬಿಗೆ ಒರಗಿದರು. ಆಮೇಲೆ ಅವರ ಮುಖದಲ್ಲಿ ಒಂದು ಚಿಂತೆ ಬಂತು. ನನ್ನ ಕೈಯನ್ನು ತಮ್ಮ ಕಡೆಗೆ ಎಳೆದುಕೊಂಡು, ಬೇರೆ ಯಾರಿಗೂ ಕೇಳದಂತೆ ತಗ್ಗಿದ ದನಿಯಲ್ಲಿ ಹೇಳಿದರು.

"ಹಿಂದ ಬಿದ್ದ ಆ ಇಬ್ಬರ ಅತ್ತಿಗಳಿಗೆ ಇವತ್ತ ಎಷ್ಟು ಬ್ಯಾಸರ ಆಗಿರಬೇಕು, ಅಲ್ಲೇನು?"